ಸಾಯಲೊಲ್ಲದ ಗುರುಬಸವ್ವ

ನಮ್ಮ ಕಡೆಯ ನಾಟಕಗಳಲ್ಲಿ ಗಂಡನನ್ನು ಮನಸಾರೆ ಪ್ರೀತಿಸಿದ ಹೆಂಗಸು ಕೊನೆಯ ಪರದೆ ಬೀಳುವತನಕ ಬದುಕಿದ್ದನ್ನು ನಾನು ಕಂಡಿಲ್ಲ. ಮೊದಲ ಅಂಕದಲ್ಲಿ ಬಾವಿಕಟ್ಟೆಯ ಹತ್ತಿರ ಹಾಡು, ಆಮೇಲೆ ಅತ್ತೆಯ ಕಾಟ, ಆಮೇಲೆ ಕೆಮ್ಮು. ಕೆಮ್ಮು ಬಂತೆಂದರೆ ಅವಳ ಕತೆ ಮುಗಿದ ಹಾಗೆ. ಗಂಡನ ತೊಡೆಯ ಮೇಲೆ ತಲೆ ಇಟ್ಟು, ಒಂದು ಉದ್ದನೆಯ ಮಾತು ಆಡಿ, ಕತ್ತು ಹೊರಳಿಸಿಬಿಡುತ್ತಾಳೆ. ಇಷ್ಟು ಮಾತಾಡುವಷ್ಟು ಉಸಿರಿದ್ದವಳು ಯಾಕೆ ಸತ್ತಳು ಎಂದು ಕೇಳುವವರಿಲ್ಲ. ಎಲ್ಲರ ಕೈಯೂ ಕಣ್ಣೊರೆಸುವುದರಲ್ಲಿರುತ್ತದೆ.

ಸಿನಿಮಾದವರದು ಇನ್ನೊಂದು ಬಗೆ. ಅಲ್ಲಿ ಹುಡುಗ ಹುಡುಗಿಯ ಬೆನ್ನು ಹತ್ತಿ ಬಸ್‌ಸ್ಟ್ಯಾಂಡು, ಕಾಲೇಜು, ಗುಡಿ ಎನ್ನದೆ ಕಾಡುತ್ತಾನೆ. ನಮ್ಮೂರಲ್ಲಿ ಹಾಗೆ ಮಾಡಿದವನ ಬೆನ್ನಿನ ಮೇಲೆ ಅವಳ ಅಣ್ಣತಮ್ಮಂದಿರ ಬಾರುಕೋಲು ಆಡುತ್ತದೆ. ಸಿನಿಮಾದಲ್ಲಿ ಅವಳು ಅವನ ಕೂಡ ಗುಡ್ಡ ಹತ್ತಿ ಕುಣಿಯುತ್ತಾಳೆ, ಹಿಂದೆ ಒಂದು ಹಿಂಡು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು ಕುಣಿಯುತ್ತಾರೆ. ಅವರಿಗೆ ಹೊಲ ಮನೆ ಇಲ್ಲವೇ? ಪುಸ್ತಕ ಬರೆಯುವವರೂ ಇವರಿಗಿಂತ ಮೇಲಲ್ಲ. ಅವರ ಪ್ರೀತಿ ಮದುವೆಗೆ ಮುಂಚಿನದು, ಇಲ್ಲವೇ ಸತ್ತ ಮೇಲಿನದು. ನಡುವೆ ಒಂದೇ ಸೂರಿನ ಕೆಳಗೆ ಜಗಳಾಡಿಕೊಂಡು ಕಳೆದ ವರ್ಷಗಳು ಯಾರಿಗೂ ಬೇಡ.

ಈ ಸಿಟ್ಟು ನನ್ನೊಳಗೆ ಬಹಳ ದಿನದಿಂದ ಕುದಿಯುತ್ತಿತ್ತು. ಅದನ್ನು ಉಕ್ಕಿಸಿದವನು ಮಡಿವಾಳೆಪ್ಪ ಮಾಸ್ತರ.

ಮಾಸ್ತರ ಎಂದರೆ ಸಾಲಿ ಮಾಸ್ತರನಲ್ಲ, ನಾಟಕದ ಮಾಸ್ತರ. ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನು ಹಗಲು ಹೊಲದಲ್ಲಿ ದುಡಿಯುತ್ತಾನೆ, ಸಂಜೆ ಹಾರ್ಮೋನಿಯಂ ಪೇಟಿಯ ಮುಂದೆ ಕುಳಿತು ರಾಗ ಹಿಡಿಯುತ್ತಾನೆ. ಹರೆಯದಲ್ಲಿ ಅವನು ಹೆಣ್ಣು ಪಾತ್ರ ಮಾಡುತ್ತಿದ್ದ. ಆಗ ಹಳ್ಳಿಯ ನಾಟಕಕ್ಕೆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ಇಳಕಲ್ಲ ಸೀರೆ ಉಟ್ಟು, ಮೊಳದುದ್ದದ ಚವರಿಕೂದಲು ಕಟ್ಟಿಕೊಂಡು ಅವನು ಪರದೆಯ ಹಿಂದೆ ನಿಂತರೆ ಅವನ ಸೋದರಮಾವನೇ 'ಸರಿಯವ್ವ ತಂಗಿ' ಎಂದು ದಾರಿ ಕೇಳಿದ್ದನಂತೆ. ಆಮೇಲೆ ಗದಗದ ಕಡೆಯಿಂದ ಕಲಾವಿದೆಯರು ಬರತೊಡಗಿದರು. ಇವನ ತಲೆಯೂ ಬೋಳಾಯಿತು. ಪಾತ್ರ ಬಿಟ್ಟು ಮಾಸ್ತರಿಕೆಗೆ ಕುಳಿತ.

ನಮ್ಮ ನಾಟಕದ ಪದ್ಧತಿ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಪಾತ್ರ ಮಾಡುವ ಗಂಡಸರೆಲ್ಲ ಊರಿನವರು, ಒಕ್ಕಲುತನ ಮಾಡುವವರು. ಕಲಾವಿದೆ ಮಾತ್ರ ಗೊತ್ತು ಮಾಡಿ ಕರೆಸುವವಳು, ಅವಳು ಬರುವುದು ನಾಟಕದ ದಿನವೇ. ಅಲ್ಲಿಯತನಕ ತಾಲೀಮಿನಲ್ಲಿ ಅವಳ ಮಾತನ್ನೆಲ್ಲ ಮಾಸ್ತರನೇ ಆಡುತ್ತಾನೆ. ಹೀಗಾಗಿ ನಮ್ಮ ಸೀಮೆಯ ನಾಯಕರೆಲ್ಲ ಪ್ರೀತಿ ಕಲಿತದ್ದು ಈ ಬೋಳು ತಲೆಯ, ತಂಬಾಕಿನ ಹಲ್ಲಿನ ಮಡಿವಾಳೆಪ್ಪನ ಕಣ್ಣಲ್ಲಿ ಕಣ್ಣಿಟ್ಟು. 'ಪ್ರಿಯಾ, ನೀನಿಲ್ಲದೆ ನಾನೊಂದು ಎಣ್ಣೆ ಇಲ್ಲದ ದೀಪ' ಎಂದು ಅವನು ಅಂದರೆ ಮುಂದೆ ನಿಂತ, ಟ್ರ್ಯಾಕ್ಟರ್ ಓಡಿಸುವ ಹುಡುಗ ನಾಚಿ ನೆಲ ನೋಡುತ್ತಿದ್ದ. ಊರಿಗೆಲ್ಲ ಪ್ರೀತಿ ಹಂಚಿದ ಈ ಮನುಷ್ಯ ಮನೆಯಲ್ಲಿ ಹೆಂಡತಿ ಗುರುಬಸವ್ವನಿಗೆ ಹೇಳುತ್ತಿದ್ದದ್ದು 'ಚಾ ಇಡು', 'ಎಮ್ಮಿ ಬಿಡು' ಇಷ್ಟೇ. ಗೋಡೆಯ ಆಚೆ ಇದ್ದವನು ನಾನು, ನನಗೆ ಗೊತ್ತು.

ಹೋದ ಮಳೆಗಾಲದಲ್ಲಿ ಎಮ್ಮೆ ಹಗ್ಗ ಜಗ್ಗಿ ಗುರುಬಸವ್ವನನ್ನು ಹಿತ್ತಲಲ್ಲಿ ಕೆಡವಿತು. ಬಲಗೈ ಮುರಿಯಿತು. ಬೈಲಹೊಂಗಲದಲ್ಲಿ ಕೈಗೆ ಪಟ್ಟಿ ಹಾಕಿ ಕೊರಳಿಗೆ ತೂಗುಬಿಟ್ಟರು. ಮಗನಿಗೆ ಬೇರೆ ಊರಲ್ಲಿ ನೌಕರಿ, ಸೊಸೆ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ರೊಟ್ಟಿ ನಮ್ಮ ಮನೆಯಿಂದ ಹೋಗುತ್ತಿತ್ತು. ಆದರೆ ತಲೆ ಬಾಚಿ, ಜಡೆ ಹೆಣೆದು ಹೆಳಲು ಹಾಕುವವರು ಯಾರು? ಎದುರುಮನೆಯ ದೇವಕ್ಕ ತಾನಾಗಿ ಹಣಿಗೆ ಹಿಡಿದು ಬಂದಳು. ಗುರುಬಸವ್ವ, "ನನ್ನ ತಲ್ಯಾಗಿನ ಬಿಳಿ ಕೂದಲಾ ಎಣಿಸಿ ಓಣ್ಯಾಗ ಡಂಗುರ ಹೊಡ್ಯಾಕ ಬಂದಿಯೇನ?" ಎಂದು ಬಾಗಿಲಿನಿಂದಲೇ ಕಳಿಸಿದಳು.

ಮರುದಿನ ಬೆಳಗ್ಗೆ ಗೋಡೆಯ ಆಚೆಯಿಂದ ಮಾತು ಕೇಳಿತು.

"ಬಿಗಿ ಆತ್ರಿ. ಸಡ್ಲ ಮಾಡ್ರಿ."

"ಸುಮ್ನ ಕುಂದ್ರು. ತಲಿ ಅಲ್ಲಾಡಿಸಬ್ಯಾಡ."

"ಅಯ್ಯ, ತಲಿ ನೂಸಾಕ ಹತ್ತೇತ್ರಿ. ಇದು ನಿಮ್ಮ ಚವರಿ ಅಲ್ಲ, ಬೇರು ಇದ್ದ ಕೂದಲಾ."

ನನ್ನ ಸ್ನೇಹಿತ ಬಾಗಿಲು ಹಾಕಿಕೊಂಡು ಹೆಂಡತಿಯ ಹೆಳಲು ಹಾಕುತ್ತಿದ್ದ. ಚವರಿಗೆ ಹೆಣಿಗೆ ಹಾಕಿ ಪಳಗಿದ ಕೈ ಅದು. ಕೈಯ ಪಟ್ಟಿ ಬಿಚ್ಚುವತನಕ ದಿನಾ ಬೆಳಗ್ಗೆ ಇದೇ ಜಗಳ. ನಾನು ಕೇಳಿಸಿಕೊಂಡೆನೆಂದು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಊರು ಬಿಡುತ್ತಿದ್ದ.

ಕೈ ಕೂಡಿತು. ಅಷ್ಟಕ್ಕೆ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಾಸ್ತರನ ತಲೆಗೆ ಈ ವರ್ಷ ತಾನೇ ಒಂದು ನಾಟಕ ಬರೆಯುವ ಹುಚ್ಚು ಹತ್ತಿತು. ಹಿಂಗಾರಿನ ಜೋಳ ಒಕ್ಕಿ ಮುಗಿದ ಮೇಲೆ ಆಡಬೇಕೆಂದು ನಿಶ್ಚಯವಾಯಿತು. ನಾಯಕ ನಮ್ಮ ಟ್ರ್ಯಾಕ್ಟರ್ ಸುಭಾಸ. ಅವನಿಗೆ ಸಿನಿಮಾದ್ದೇ ಧ್ಯಾನ. "ಮಾಸ್ತರ, ನವಿಲುತೀರ್ಥದ ಡ್ಯಾಮ್ ಪರದೆ ಮ್ಯಾಲ ಬರಸೂಣು, ಅದರ ಮುಂದ ನಂದೊಂದು ಡುಯೆಟ್ ಇರಲಿ" ಎಂದ. ಮಾಸ್ತರ ಒಪ್ಪಿದ. ನಾಟಕಕ್ಕೆ ಅವನಿಟ್ಟ ಹೆಸರು 'ಕರಗಿದ ಕುಂಕುಮ ಅರ್ಥಾತ್ ಸತ್ತರೂ ನಿನ್ನವಳು'. ಹೆಸರು ಕೇಳಿಯೇ ನನಗೆ ತಲೆ ಚಿಟ್ಟು ಹಿಡಿಯಿತು. ಆದರೂ ಅವನ ಉಮೇದಿಗೆ ನೀರು ಸುರಿಯಲಾರದೆ ಸುಮ್ಮನಾದೆ.

ಸಾಲಿಯ ಅಂಗಳದಲ್ಲಿ ತಾಲೀಮು ಶುರುವಾಯಿತು. ಒಂದು ಸಂಜೆ ಸುಭಾಸ ಕೊನೆಯ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ದೇವಕ್ಕ ಅದನ್ನು ಹಿಡಿದುಕೊಂಡು ನೆಟ್ಟಗೆ ಗುರುಬಸವ್ವನ ಅಡಿಗೆಮನೆಗೆ ಹೋದಳು. ಹಣಿಗೆಯ ಅವಮಾನ ಅವಳಿಗಿನ್ನೂ ಮರೆತಿರಲಿಲ್ಲ.

ಮೊಬೈಲಿನಲ್ಲಿ ಮಡಿವಾಳೆಪ್ಪ ಸುಭಾಸನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದ. ಬಲಗೈ ಕೊರಳಿಗೆ ಪಟ್ಟಿಯಲ್ಲಿ ತೂಗುತ್ತಿತ್ತು. "ಖಳನು ನೂಕಿದ ದಿನದಿಂದ ಈ ಮುರಿದ ಕೈ ನಿಮ್ಮ ಪಾದ ಮುಟ್ಟಲಾರದೆ ಹೋಯಿತಲ್ಲ, ಪ್ರಾಣಕಾಂತಾ" ಎಂದು ಹೇಳಿ, ಕೆಮ್ಮಿ, ಮತ್ತೂ ಕೆಮ್ಮಿ, ಕತ್ತು ಹೊರಳಿಸಿ ಸತ್ತ. ಬಹಳ ಚಂದ ಸತ್ತ. ಅದೇ ತಪ್ಪಾಯಿತು.

ಅವತ್ತು ಸಂಜೆ ಗೋಡೆಗೆ ಕಿವಿ ಕೊಡುವ ಅಗತ್ಯವೇ ಇರಲಿಲ್ಲ. ಓಣಿಗೆಲ್ಲ ಕೇಳುತ್ತಿತ್ತು.

"ನನ್ನ ಕೊಂದ್ರಿ! ಅದೂ ಕೆಮ್ಮಿಸಿ ಕೆಮ್ಮಿಸಿ ಕೊಂದ್ರಿ! ಕೈ ಮುರದದ್ದಕ್ಕ ಯಾರರೆ ಸಾಯ್ತಾರೇನ್ರಿ?"

"ಅದು ನೀ ಅಲ್ಲ, ನಾಟಕದಾಕಿ."

"ಆ ಪಟ್ಟಿ ಯಾರದು? ಆ ಕೈ ಯಾರದು? ನನ್ನ ಕೆಡವಿದ್ದು ನಮ್ಮ ಎಮ್ಮಿ. ಎಮ್ಮಿ ಎಲ್ಲಿ ಹೋತು?"

"ಎಮ್ಮಿನ ಸ್ಟೇಜಿನ ಮ್ಯಾಲ ಹೆಂಗ ತರ್ಲಿ? ಅದಕ್ಕ ಖಳನಾಯಕನ್ನ ಮಾಡೇನಿ."

"ಮತ್ತ ನೀವು ಮಾಡಿದ್ದು? ಬಾಗಲಾ ಹಾಕ್ಕೊಂಡು ಮಾಡಿದ್ದು? ಅದ್ಯಾಕ ಬರೀಲಿಲ್ಲ?"

ಈಗ ಗೋಡೆಗೆ ಕಿವಿ ಕೊಡಬೇಕಾಯಿತು. ಮಡಿವಾಳೆಪ್ಪ ಗುಸುಗುಸು ಅನ್ನುವುದು ಕೇಳಿತು. "ಹುಚ್ಚಿ, ಸಣ್ಣಗ ಮಾತಾಡು. ಅದು ನಾಟಕದಾಗ ಹಾಕೂ ಮಾತ? ಗಂಡಸು ಹೆಳಲ ಹಾಕೂದ್ನ ನೋಡಾಕ ಯಾರ ಬರ್ತಾರ? ಮಂದಿಗಿ ಪ್ರೀತಿ ಬೇಕು."

"ಹೌದ್ರಿ, ಪ್ರೀತಿ ಬೇಕು. ನಾ ಸತ್ರ ಅಷ್ಟ ಅದು ನಿಮಗ ಹುಟ್ಟತೈತಿ."

ಬೆಳಗ್ಗೆ ಅವಳು ಒಂದು ಕೈಚೀಲ ಹಿಡಿದು ಸವದತ್ತಿಯ ಬಸ್ಸು ಹತ್ತಿದಳು. ಅಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ, ತಮ್ಮ ನೀಲಪ್ಪನ ಮನೆಗೆ. ಹೋಗುವಾಗ ಗಂಡನಿಗೆ ಹೇಳಿದ್ದು ಒಂದೇ. "ನಾಟಕದಾಗ ಅಕಿ ಬದುಕಿದ್ರ ಬರತೇನಿ. ಸತ್ರ, ನಾನೂ ಸತ್ತೇನಿ ಅಂತ ತಿಳಕೋರಿ."

ಮೊಮ್ಮಗುವಿನ ನಾಮಕರಣವಾದ ಹೆಂಗಸು, ಒಂದು ನಾಟಕದ ಕೊನೆಗಾಗಿ ತವರಿಗೆ ಹೋದಳು ಎಂದು ಊರು ನಕ್ಕಿತು. ನನಗೆ ನಗು ಬರಲಿಲ್ಲ. ಅವಳು ಆಡಿದ ಮಾತನ್ನು ಎಂದೂ ಹಿಂದಕ್ಕೆ ತೆಗೆದುಕೊಂಡವಳಲ್ಲ.

ಸೊಸೆ ಕೂಸಿನ ಜೊತೆ ಇನ್ನೂ ತವರಲ್ಲೇ ಇದ್ದಳು. ಒಂದು ವಾರ ಮಾಸ್ತರ ತಾನೇ ಎಮ್ಮೆ ಕರೆದ, ತಾನೇ ಚಹಾ ಇಟ್ಟ, ಹಾಲು ಒಡೆಸಿದ. ಆಮೇಲೆ ನನ್ನನ್ನು ಕರೆದುಕೊಂಡು ರಾಮದುರ್ಗಕ್ಕೆ ಹೊರಟ. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಲೇ ಇದ್ದ. ಇವನು ಹೆಂಡತಿಗೆ ಹೇಳುವ ಮಾತನ್ನೂ ತಾಲೀಮು ಮಾಡುತ್ತಿದ್ದಾನಲ್ಲ ಎಂದು ನನಗೆ ಮೈ ಉರಿಯಿತು.

ನೀಲಪ್ಪನ ಮನೆ ಮಲಪ್ರಭೆಯ ಹೊಳೆಗೆ ಹತ್ತಿರ. ಗುರುಬಸವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. ಮಾಸ್ತರ ಕಂಬಕ್ಕೆ ಒರಗಿ, ಎದೆಗೆ ಕೈ ಇಟ್ಟು ಶುರು ಮಾಡಿದ.

"ಗುರುಬಸೂ, ನೀನಿಲ್ಲದೆ ಆ ಮನೆ ಒಂದು ಮಸಣ..."

"ಮನ್ಯಾಗ ಮಾತಾಡೂ ಹಂಗ ಮಾತಾಡ್ರಿ."

"ಹಾಲು ಒಡದು ಹೋಗಾಕ ಹತ್ತೇತಿ."

"ಪಾತೇಲಿ ಬಿಸಿನೀರ ಹಾಕಿ ತೊಳೀರಿ, ಒಡ್ಯಾಂಗಿಲ್ಲ."

ನೀಲಪ್ಪ ನಗು ತಡೆಯಲಾರದೆ ಒಳಗೆ ಹೋಗಿ ಚಹಾ ತಂದ. "ಮಾಮಾರ, ಅಕ್ಕ ಹೇಳಿದಂಗ ಮಾಡ್ಬಿಡ್ರಿ. ಬದುಕಿಸಿದ್ರ ನಿಮ್ಮ ಗಂಟೇನ ಹೋಗತೈತಿ?"

"ಅಲ್ಲೋ ನೀಲಪ್ಪಾ, ಅಕಿ ಬದುಕಿದ್ರ ನಾಟಕ ಎಲ್ಲಿ ಮುಗೀಬೇಕು? ಪರದೆ ಎಲ್ಲಿ ಬೀಳಬೇಕು?"

"ಹೆಳಲ ಹಾಕಿ ಮುಗಿಸ್ರಿ" ಎಂದಳು ಗುರುಬಸವ್ವ. ಅವಳ ಕೈ ಶೇಂಗಾದ ಮೇಲೆ ನಿಂತಿತ್ತು. "ನೀವು ಮಾಡಿದ್ದನ್ನ ಅವನು ಮಾಡಲಿ. ಅದರ ಮ್ಯಾಲ ಪರದಿ ಬೀಳಲಿ. ನೋಡಾಕ ಬರತೇನಿ. ಬಂದು, ನೋಡಿ, ಆಮ್ಯಾಲೆ ಹೇಳ್ತೇನಿ."

ಮಾಸ್ತರ ನನ್ನ ಮುಖ ನೋಡಿದ. ಅವಳು ನನ್ನ ಮುಂದೆಯೇ ಗುಟ್ಟು ಒಡೆದದ್ದಕ್ಕೆ ಅವನ ಕಿವಿಗಳು ಕೆಂಪಾಗಿದ್ದವು. ನಾನು ಚಹಾದ ಬಸಿ ನೋಡುತ್ತ ಕುಳಿತೆ.

ತಿರುಗಿ ಬಂದವನು ಕೊನೆಯನ್ನು ಬದಲಿಸಿದ. ಸುಭಾಸ ಹಾರಾಡಿದ. "ನಾ ಹೀರೋ ಅದೀನ್ರಿ ಮಾಸ್ತರ! ಸಿನಿಮಾದಾಗ ಹೀರೋ ಹಣಿಗಿ ಹಿಡಿದಿದ್ದು ನೋಡೀರೇನು? ಅಕಿ ಸತ್ತ ಮ್ಯಾಲ ನಾ ಹೊರಳಾಡಿ ಅಳೂ ಸೀನು, ಅದಕ್ಕಂತ ನಮ್ಮ ಬೀಗರನ್ನೆಲ್ಲ ಕರದೇನಿ. ಹಾರ ತರಾಕ ಹತ್ಯಾರ. ಹ್ಯಾಂಡ್‌ಬಿಲ್ಲಿನ್ಯಾಗ ‘ಸತ್ತರೂ’ ಅಂತ ಅಚ್ಚಾಗೇತಿ!"

"ಅಚ್ಚಾಗಿದ್ದು ಇರಲಿ. ಅಕಿ ಸಾಯಂಗಿಲ್ಲ."

ಹೆಳಲು ಹಾಕುವ ತಾಲೀಮು ಇನ್ನೊಂದು ಗೋಳು. ನಾಯಕಿಯ ಮಾತು ಆಡುವವನು ಮಾಸ್ತರ, ಮಾಸ್ತರನ ತಲೆಯಲ್ಲಿ ಕೂದಲಿಲ್ಲ. ಕೊನೆಗೆ ಸಾಲಿಯ ಕುರ್ಚಿಯ ಬೆನ್ನಿಗೆ ಪುಂಡಿನಾರಿನ ಮೂರು ಎಳೆ ಕಟ್ಟಿದರು. ಸುಭಾಸ ಅದಕ್ಕೇ ಹೆಣಿಗೆ ಹಾಕುತ್ತ, "ಪ್ರಿಯೇ, ನಿನ್ನ ಮುಂಗುರುಳಲ್ಲಿ ನನ್ನ ಪ್ರಾಣ ಸಿಲುಕಿದೆ" ಎನ್ನುತ್ತಿದ್ದ. ಪಕ್ಕದಲ್ಲಿ ಪೇಟಿ ಹಿಡಿದು ಕುಳಿತ ಮಾಸ್ತರ ಕುರ್ಚಿಯ ಪರವಾಗಿ ನಾಚುತ್ತಿದ್ದ. ಸುಭಾಸ ಟ್ರ್ಯಾಕ್ಟರಿಗೆ ಟ್ರೇಲರು ಬಿಗಿದಂತೆ ನಾರು ಜಗ್ಗುತ್ತಿದ್ದ. ಕುರ್ಚಿ ಬಾಯಿ ಬಿಡಲಿಲ್ಲ, ಆದ್ದರಿಂದ ಅದು ಸರಿಯೆಂದೇ ಎಲ್ಲರೂ ತಿಳಿದರು. ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ, ನನಗೂ.

ಈಗ ಮೈಕಿಗೆ ಕಟ್ಟಳೆ ಬಿಗಿಯಾದ್ದರಿಂದ ನಮ್ಮ ನಾಟಕ ಹೊತ್ತು ಇಳಿಯುತ್ತಲೇ ಶುರುವಾಗುತ್ತದೆ. ಅವತ್ತೂ ಬಿಸಿಲಿರುವಾಗಲೇ ಮಂದಿ ಚಾಪೆ ಹಾಸಿದರು. ಗದಗದಿಂದ ಬಂದ ಕಲಾವಿದೆ ಅನ್ನಪೂರ್ಣಾ ಬಣ್ಣ ಹಚ್ಚಿಕೊಳ್ಳುತ್ತ ಹೊಸ ಕೊನೆಯನ್ನು ಓದಿ, "ನಾ ಸಾಯಂಗಿಲ್ಲೇನ್ರಿ ಮಾಸ್ತರ? ನಿಮ್ಮ ಹೊಟ್ಟಿ ತಣ್ಣಗಿರಲಿ. ಊರೂರಿಗೆ ಸತ್ತ ಸತ್ತ ಸಾಕಾಗಿತ್ತು. ಸೊಳ್ಳಿ ಕಡದ್ರೂ ಅಲ್ಲಾಡಂಗಿಲ್ಲ, ಮ್ಯಾಲ ಹೀರೋನ ಕಣ್ಣೀರು ಬಾಯಾಗ ಬೀಳತೈತಿ" ಎಂದಳು. ತಲೆಗೆ ಚವರಿ ಸಿಕ್ಕಿಸಿ, ಕೂದಲಸೂಜಿ ಹಾಕಿ, ನಡೆದಳು.

ಗುರುಬಸವ್ವ ಬಂದಿದ್ದಳು. ನೀಲಪ್ಪ ತನ್ನ ಜೀಪುಗಾಡಿಯಲ್ಲಿ ಕರೆತಂದಿದ್ದ. ಹೆಂಗಸರ ಸಾಲಿನಲ್ಲಿ ಮುಂದೆಯೇ ಕುಳಿತಳು, ಆದರೆ ಕೈಚೀಲ ಗಾಡಿಯಲ್ಲೇ ಇತ್ತು. ಪೇಟಿಯ ಹಿಂದೆ ಕುಳಿತ ಮಾಸ್ತರ ಆ ಗಾಡಿಯನ್ನು ನೋಡುತ್ತಿದ್ದ, ಅವಳನ್ನು ನೋಡುತ್ತಿದ್ದ, ಒಂದೆರಡು ಸಲ ಸ್ವರವನ್ನೂ ತಪ್ಪಿಸಿದ.

ಡುಯೆಟ್ಟು ಆಯಿತು. ಖಳ ನೂಕಿದ, ಕೈ ಮುರಿಯಿತು. ಮಂದಿ ಕರವಸ್ತ್ರ ತೆಗೆದು ಕೆಮ್ಮಿಗೆ ಕಾಯುತ್ತ ಕುಳಿತರು. ಕೆಮ್ಮು ಬರಲೊಲ್ಲದು. "ಯಾವಾಗ ಸಾಯ್ತಾಳಲೇ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಸುಭಾಸನಿಗೆ ಬೆವರು ಬಂತು. ಹಣಿಗೆ ತೆಗೆದುಕೊಂಡು ಅನ್ನಪೂರ್ಣಾಳ ಹಿಂದೆ ಕುಳಿತ. "ಪ್ರಿಯೇ, ನಿನ್ನ ಮುಂಗುರುಳಲ್ಲಿ" ಎಂದು ಹೇಳಿ, ಕುರ್ಚಿಯ ನಾರು ಜಗ್ಗಿದ ಹಾಗೆಯೇ ಜಗ್ಗಿದ.

ಚವರಿ ಸೂಜಿಸಮೇತ ಕಿತ್ತು ಅವನ ಕೈಗೆ ಬಂತು.

ಮಂದಿ ಬಿದ್ದು ಬಿದ್ದು ನಕ್ಕರು. ಸೀಟಿ ಹೊಡೆದರು. ಸುಭಾಸ ಸತ್ತ ಹಾವು ಹಿಡಿದವನ ಹಾಗೆ ಚವರಿ ಹಿಡಿದು ನಿಂತ, ಮಾತು ಮರೆತ. ಅನ್ನಪೂರ್ಣಾ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು, ಮುರಿದ ಕೈಯೂ ಮೇಲೆದ್ದಿತು, ಅದಕ್ಕೆ ಇನ್ನಷ್ಟು ನಗು. ನಾಟಕ ಅಲ್ಲಿಗೆ ಮುಳುಗಿತೆಂದೇ ನಾನು ತಿಳಿದೆ. ಪರದೆ ಎಳೆಯುವವನು ಹಗ್ಗಕ್ಕೆ ಕೈ ಹಾಕಿದ್ದ.

ಗುರುಬಸವ್ವ ಎದ್ದು ನಿಂತಳು. ಮೋರೆ ಗಂಟಾಗಿತ್ತು. ಗಾಡಿಯ ಕಡೆ ತಿರುಗಿದಳು.

ಆಗ ಪೇಟಿ ನಿಂತಿತು. ಮಡಿವಾಳೆಪ್ಪ ಎದ್ದು, ಧೋತರ ಮೇಲೆತ್ತಿ ಸ್ಟೇಜು ಹತ್ತಿದ. ಸುಭಾಸನ ಕೈಯಿಂದ ಚವರಿ ಕಸಿದುಕೊಂಡ. ಅನ್ನಪೂರ್ಣಾಳ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಸೂಜಿಯನ್ನು ಹಲ್ಲಲ್ಲಿ ಕಚ್ಚಿ, ಚವರಿಯನ್ನು ಕೂದಲಿಗೆ ಸೇರಿಸಿ ಮೂರು ಎಳೆ ಮಾಡಿದ. ಹೆಣೆಯತೊಡಗಿದ. ಮೊದಲು ನಗುತ್ತಿದ್ದವರು ಆಮೇಲೆ ನಗಲಿಲ್ಲ. ಅವನ ಕೈ ಓಡುವುದನ್ನು ನೋಡುತ್ತಿದ್ದರು. ಹೆಂಗಸರಂತೂ ಕತ್ತು ಉದ್ದ ಮಾಡಿದರು. ಇಷ್ಟು ಸಲೀಸಾಗಿ ಹೆಳಲು ಹಾಕುವ ಗಂಡಸು ನಮ್ಮೂರಲ್ಲಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಮಾಸ್ತರ ಒಂದು ಮಾತೂ ಆಡಲಿಲ್ಲ. ಅಷ್ಟು ಮಾತು ಬರೆದವನು, ಒಂದೂ ಆಡಲಿಲ್ಲ.

"ಬಿಗಿ ಹಾಕಬ್ಯಾಡ್ರಿ!" ಎಂಬ ಕೂಗು ಹೆಂಗಸರ ಸಾಲಿನಿಂದ ಬಂತು. "ನಿಮಗ ತಿಳಿಯಂಗಿಲ್ಲ, ಅಕಿಗಿ ತಲಿ ನೂಸತೈತಿ!"

ಇಡೀ ಊರು ತಿರುಗಿ ಗುರುಬಸವ್ವನನ್ನು ನೋಡಿತು. ಅವಳು ಸೆರಗನ್ನು ಮೂಗಿನತನಕ ಎಳೆದುಕೊಂಡು ಅಲ್ಲೇ ಕುಸಿದು ಕುಳಿತಳು. ದೇವಕ್ಕನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಸ್ಟೇಜಿನ ಮೇಲೆ ಮಾಸ್ತರ, ತಲೆ ಎತ್ತದೆ, ಒಂದು ಹೆಣಿಗೆ ಬಿಚ್ಚಿ ಸಡಿಲ ಮಾಡಿದ. ತುದಿಗೆ ಗೊಂಡೆ ಕಟ್ಟಿದ. ಪರದೆ ಬಿತ್ತು.

ಮಂದಿ ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಚಾಪೆ ಸುತ್ತಿದರು. ಸುಭಾಸನ ಬೀಗರು ತಂದ ಹಾರ ತಂದವರ ಕೈಯಲ್ಲೇ ಉಳಿಯಿತು. ಬೀಗರ ಹಿರಿಯ ನನ್ನ ಹೆಗಲು ತಟ್ಟಿ, "ನಾಟಕ ಚಲೋ ಆತ್ರಿ ಯಜಮಾನ್ರ. ಆದ್ರ ಲವ್ ಕಡಿಮಿ ಬಿತ್ತು ನೋಡ್ರಿ" ಎಂದ. ಈ ಮನುಷ್ಯನಿಗೆ ಏನು ಹೇಳುವುದು? ಕಣ್ಣೆದುರು ಅಷ್ಟು ಹೊತ್ತು ನಡೆದದ್ದು ಅವನಿಗೆ ಕಾಣಲಿಲ್ಲ. ಕೆಮ್ಮಿದ್ದರೆ ಕಾಣುತ್ತಿತ್ತು.

ಗಾಡಿಯ ಹತ್ತಿರ ಗುರುಬಸವ್ವ ನಿಂತಿದ್ದಳು. ಮಾಸ್ತರ ಕೈಯಲ್ಲಿ ಪೇಟಿ ಹಿಡಿದು ಬಂದು ಎದುರು ನಿಂತ. ನೀಲಪ್ಪ ಆಗಲೇ ಗಾಡಿ ಚಾಲೂ ಮಾಡಿದ್ದ.

"ಸಾಯಲಿಲ್ಲ ನೋಡು ಅಕಿ" ಎಂದ ಮಾಸ್ತರ.

"ನೋಡಿದೆ. ಅಕಿ ಹೆಳಲೂ ನೋಡಿದೆ." ಅವಳ ದನಿ ಏರಿತು. "ನಾಗರಹಾವಿನಂಗ ನೆಟ್ಟಗ ಹಾಕಿದ್ರಿ! ಗದಗದಾಕಿಗೆ ಅಷ್ಟು ಚಂದ ಬರತೈತಿ ನಿಮಗ. ನಂದು ದಿನಾ ಕರುವಿನ ಬಾಲ ಮಾಡಿ ಬಿಡ್ತಿದ್ರಿ!"

"ಅದು ಚವರಿ, ಹೇಳಿದಂಗ ಕೇಳತೈತಿ. ನೀ ಎಂದಾರ ಸುಮ್ನ ಕುಂತೀಯೇನು?"

"ಸುಮ್ನ ಕುಂದ್ರೂ ಹಂಗ ನೀವು ಎಂದು ಬಾಚಿದ್ರಿ?"

"ಅಕ್ಕಾ, ಗಾಡಿ ಹತ್ತಿಯೋ ಇಲ್ಲೋ?" ಎಂದು ನೀಲಪ್ಪ ಕೂಗಿದ.

ಅವಳು ಕಿಟಕಿಯಿಂದ ಕೈ ಹಾಕಿ ಚೀಲ ಎಳೆದುಕೊಂಡಳು. "ನೀ ನಡಿಯಪ್ಪ. ಇವರ ಜೋಡಿ ನನ್ನ ಮಾತು ಮುಗದಿಲ್ಲ."

ಚೀಲವನ್ನು ಗಂಡನ ಇನ್ನೊಂದು ಕೈಗೆ ತುರುಕಿ ಮುಂದೆ ನಡೆದಳು. ಮಡಿವಾಳೆಪ್ಪ ಒಂದು ಕೈಯಲ್ಲಿ ಪೇಟಿ, ಒಂದು ಕೈಯಲ್ಲಿ ಚೀಲ ಹಿಡಿದು ಹಿಂದೆ ನಡೆದ. ಅವಳು ಮೊದಲನೆಯ ದಿನದ ಹೆಳಲಿನಿಂದ ಶುರು ಮಾಡಿದ್ದಳು. ಅವರು ಓಣಿ ತಿರುಗಿದಾಗ ಇನ್ನೂ ಎರಡನೆಯ ದಿನದ್ದಕ್ಕೆ ಬಂದಿರಲಿಲ್ಲ.